ಹೊನಗುಂಟಾ ಸಂಗಮದಲ್ಲಿ ಮೀನಿನ ತತ್ತಿ ಹುಡುಕುತ್ತಾ

"ಹೊಳಿಗೆ ಕೆಂಪು ನೀರು ಬಂದದ್ರಿ, ಲಗೂನ ಬರ್ರಿ" ಅಂತ ಹೊನಗುಂಟಾದ ಕಾಕಾ ಫೋನ್ ಮಾಡಿದ್ದು ರಾತ್ರಿ. ನಾನು, ನನ್ನ ಗೆಳತಿ ಕಲಬುರಗಿಯಿಂದ ನಸುಕಿನಲ್ಲೇ ಹೊರಟೆವು. ಜುಲೈ ತಿಂಗಳು. ಎರಡು ದಿನ ಜೋರಾಗಿ ಸುರಿದು ಮಳೆ ನಿಂತಿತ್ತು. ಗೆಳತಿ ಮೀನುಗಳ ಬಗ್ಗೆ ಅಧ್ಯಯನ ಮಾಡುವವಳು. ಹೀಗೆ ಹೊಸ ನೀರು ಬಂದಾಗಲೇ ಮೀನು ತತ್ತಿ ಇಡುತ್ತವೆ, ಅದನ್ನು ಹುಡುಕಲು ಹೊರಟಿದ್ದೆವು. ನನಗೆ ಹೊಳೆ ಅಂದರೆ ಜೀವ.

ಶಹಾಬಾದ್ ಸುತ್ತ ಎಲ್ಲಿ ನೋಡಿದರೂ ಪರ್ಸಿ ಕಲ್ಲು. ಅದನ್ನು ದಾಟಿದರೆ ಆಗಷ್ಟೇ ಮೊಳಕೆಯೊಡೆದ ತೊಗರಿ ಹೊಲ, ಆಮೇಲೆ ಸಂಗಮ. ರಾಷ್ಟ್ರಕೂಟರ ಮಳಖೇಡದ ಮಗ್ಗುಲಲ್ಲಿ ಹರಿದು ಬರುವ ಕಾಗಿಣಾ ಇಲ್ಲಿ ಭೀಮೆಯನ್ನು ಕೂಡುತ್ತದೆ.

ಎರಡು ಹೊಳೆ ಕೂಡುವ ಜಾಗವನ್ನು ಬೇಕೆಂದೇ ಆರಿಸಿದ್ದೆವು. ಕೂಡುವ ಮೊದಲೇ ಒಂದೊಂದರಲ್ಲೂ ಸಣ್ಣ ಕಣ್ಣಿನ ಬಲೆ ಹಿಡಿದರೆ ತತ್ತಿ ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ ಅಲ್ವಾ? ಭೀಮೆಯಲ್ಲಿ ಅರ್ಧ ತಾಸು ಹಿಡಿದ ಬಲೆಯಲ್ಲಿ ಬರೀ ರಾಡಿ, ಕೊಳೆತ ಎಲೆ, ನಾಲ್ಕು ಸೀಗಡಿ. ಕಾಗಿಣಾದ ಬಲೆ ತೊಳೆದ ನೀರನ್ನು ಬಿಳಿ ತಟ್ಟೆಗೆ ಸುರಿದಾಗ ಗೆಳತಿ ಮಾತು ನಿಲ್ಲಿಸಿದಳು.

ಮೊದಲು ನನಗೇನೂ ಕಾಣಲಿಲ್ಲ. ತಟ್ಟೆಯನ್ನು ಸ್ವಲ್ಪ ವಾಲಿಸಿದಳು. ನೆನೆಸಿದ ಸಾಬೂದಾನಿಯಂಥ ಗುಂಡುಗಳು ಮೆಲ್ಲಗೆ ಉರುಳಿದವು. ಒಂದೊಂದೂ ಜೋಳದ ಕಾಳಿನಷ್ಟು ದಪ್ಪ, ಗಾಜಿನಷ್ಟು ತಿಳಿ. ಭೂತಗನ್ನಡಿ ಹಿಡಿದು ನೋಡಿದೆ. ಒಳಗೆ ಬಾಗಿದ ಒಂದು ಎಳೆ. ನೋಡುತ್ತಿದ್ದಂತೆ ಅದು ಸರಕ್ಕನೆ ಜಗ್ಗಿತು. ಮತ್ತೆ ಸುಮ್ಮನಾಯಿತು. ನನ್ನ ಕೈ ನಡುಗಿತು.

ಇವು ಗೆಂಡೆ ಜಾತಿಯ, ಅಂದರೆ ಕಾಟ್ಲಾ, ರೋಹು ಬಳಗದ ಮೀನಿನ ತತ್ತಿ. ಹೆಣ್ಣು ಇಟ್ಟಾಗ ಚಿಕ್ಕದಿರುತ್ತದೆ, ನೀರು ಕುಡಿದು ಹೀಗೆ ಉಬ್ಬುತ್ತದೆ. ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಹರಿವಿನ ಜೊತೆ ಬರುತ್ತದೆ. ಬೆಚ್ಚಗಿನ ನೀರಿನಲ್ಲಿ 14ರಿಂದ 20 ತಾಸಿನೊಳಗೆ ಮರಿ ಹೊರಗೆ. ಹಾಗಾಗಿ ತತ್ತಿಯ ವಯಸ್ಸು ತಿಳಿದರೆ ಅದನ್ನು ಇಟ್ಟ ಜಾಗವನ್ನೂ ಅಂದಾಜು ಮಾಡಬಹುದು. ಒಳಗಿನ ಮರಿ ಜಗ್ಗುತ್ತಿದೆ ಅಂದರೆ ಸುಮಾರು 10 ತಾಸು ಕಳೆದಿದೆ. ಕಡ್ಡಿ ತೇಲಿಬಿಟ್ಟು ನೀರಿನ ವೇಗ ನೋಡಿದೆವು, ತಾಸಿಗೆ 2 ಕಿ.ಮೀ. ಹತ್ತಿರ. ಅಲ್ಲಿಗೆ ನಿನ್ನೆ ರಾತ್ರಿ, ಮಳಖೇಡದ ದಿಕ್ಕಿಗೆ 20 ಕಿ.ಮೀ. ಮೇಲೆ ಎಲ್ಲೋ ಮೀನು ತತ್ತಿ ಇಟ್ಟಿವೆ. ಆ ಜಾಗವನ್ನು ಉಳಿಸಬೇಕು. ನಡುವೆ ನೀರು ಕಟ್ಟಿ ನಿಲ್ಲಿಸಿದರೆ ತತ್ತಿ ತಳಕ್ಕಿಳಿದು ಕೆಸರಲ್ಲಿ ಹೂತು ಸಾಯುತ್ತದೆ.

ಆದರೆ ಯಾವ ಮೀನಿನ ತತ್ತಿ? ಕಾಟ್ಲಾ, ರೋಹು ನಮ್ಮ ಹೊಳೆಯ ಮೂಲದವಲ್ಲ, ಗಂಗೆಯ ಕಡೆಯಿಂದ ತಂದು ಕೆರೆ, ಜಲಾಶಯಗಳಿಗೆ ಬಿಟ್ಟವು. ಕೆಮ್ಮೀನು, ಕಾಗೆ ಮೀನು ಕೃಷ್ಣಾ ಕಣಿವೆಯವೇ, ರೋಹುವಿಗೆ ಹತ್ತಿರದ ನೆಂಟರು. ಇವುಗಳ ತತ್ತಿಯನ್ನು ಕಣ್ಣಿನಿಂದ ಬೇರೆ ಮಾಡುವುದು ನೆಚ್ಚುವಂಥ ಕೆಲಸವಲ್ಲ. ಮರಿಯಾದ ಮೇಲೆ ಮೈಯ ಸ್ನಾಯುಪಟ್ಟಿಗಳನ್ನು ಎಣಿಸುತ್ತಾರೆ, ಕಪ್ಪು ಚುಕ್ಕಿಗಳ ಸಾಲು ನೋಡುತ್ತಾರೆ. ಆಗಲೂ ಅನುಮಾನ ಉಳಿಯುತ್ತದೆ. ಕೊನೆಗೆ ಡಿಎನ್‌ಎ ನೋಡಲೇಬೇಕು. ಸಿಒಐ ಅನ್ನುವ ಒಂದು ಜೀನಿನ ಸುಮಾರು 650 ಅಕ್ಷರ ಓದಿ ಹೋಲಿಸುತ್ತಾರೆ. ಅದಕ್ಕೇ ಗೆಳತಿ ಕೆಲವೇ ತತ್ತಿಗಳನ್ನು ಆಲ್ಕೋಹಾಲ್ ಸೀಸೆಗೆ ಹಾಕಿದಳು. ಫಾರ್ಮಲಿನ್‌ನಲ್ಲಿ ಆಕಾರ ಚೆನ್ನಾಗಿ ಉಳಿಯುತ್ತದೆ, ಡಿಎನ್‌ಎ ಕೆಡುತ್ತದೆ.

ಉಳಿದವನ್ನು ನೀರಿಗೆ ಬಿಡಲು ನನಗೆ ಹೇಳಿದ್ದಳು. ನಾನು ಕಾಕಾನ ಜೊತೆ ಮಾತಾಡುತ್ತಾ ತಟ್ಟೆಯನ್ನು ಬಿಸಿಲಲ್ಲಿ ಮರೆತೆ. ತಿರುಗಿ ನೋಡಿದಾಗ ಏಳೆಂಟು ತತ್ತಿ ಬೆಳ್ಳಗಾಗಿದ್ದವು. ಸತ್ತ ತತ್ತಿ ಹಾಗಾಗುತ್ತದೆ. ಬಹಳ ಸಂಕಟವಾಯಿತು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದ ಮೇಲೆ ಕಾಕಾ ನಮ್ಮನ್ನು ಹಿನ್ನೀರಿನ ಮಗ್ಗುಲಿಗೆ ಕರೆದೊಯ್ದರು. ಜೊಂಡು ಸರಿಸಿ ತೋರಿಸಿದರು. ನೀರಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ, ಹಳದಿ ತತ್ತಿಗಳ ಹಾಸು. ಮುರ್ರೆಲ್ ಮೀನಿನ ಗೂಡು. ಕೆಳಗೆ ಒಂದು ಕಪ್ಪು ನೆರಳು ಕದಲದೆ ನಿಂತಿತ್ತು, ಕಾವಲಿಗೆ. "ಮರಿ ಕೆಂಪಗ ಹಿಂಡು ಹಿಂಡಾಗಿ ಮ್ಯಾಲ ಬರ್ತಾವ. ಆಗ ತಾಯಿ ತಂದಿನ್ನ ಹಿಡದರ ಹಿಂಡು ಪೂರಾ ಹೋತು" ಅಂದರು. ಈಗ ಕೆಲವರು ಸೊಳ್ಳೆ ಪರದೆಯನ್ನೇ ಬಲೆ ಮಾಡಿ ಮರಿಗಳನ್ನೂ ಬಳಿಯುತ್ತಾರಂತೆ. ಅದನ್ನು ಹೇಳುವಾಗ ಅವರ ದನಿ ಇಳಿದಿತ್ತು.

ಸಂಜೆ ಸೀಸೆಗಳ ಮೇಲೆ ಹೊಳೆಯ ಹೆಸರು, ತಾರೀಖು, ವೇಳೆ ಬರೆದು ಟವೆಲ್‌ನಲ್ಲಿ ಸುತ್ತಿಟ್ಟೆವು. ಹೊರಡುವಾಗ ಕಾಕಾ ಗೆಳತಿಯ ಚೀಲ ನೋಡಿ ಕೇಳಿದರು. "ಯವ್ವಾ, ಆ ಬಿಳಿ ತಟ್ಟಿ ಒಂದ್ ಇಲ್ಲೇ ಇಟ್ಟು ಹೋಗು. ಮುಂದಿನ ಸಲ ನೀರು ಬಂದಾಗ ನಾನೇ ನೋಡ್ತೀನಿ."

ತಟ್ಟೆಯ ಜೊತೆ ಭೂತಗನ್ನಡಿಯನ್ನೂ ಕೊಟ್ಟು ಬಂದೆವು.