ಹ್ಯಾಲೋ ಕೊಲ್ಲಿಯ ಕರಡಿಗಳನ್ನು ನೋಡಲು ಹೊರಟವರಿಗೆ

ಅಲಾಸ್ಕಾದ ಕರಡಿ ಎಂದೊಡನೆ ಕಣ್ಣಿಗೆ ಕಟ್ಟುವುದು ಜಲಪಾತದ ಅಂಚಿನಲ್ಲಿ ನಿಂತು, ಚಿಮ್ಮುವ ಸಾಲ್ಮನ್ ಮೀನಿಗೆ ಬಾಯಿ ತೆರೆದ ಚಿತ್ರ. ಅದು ಕಟ್ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತ. ಜುಲೈನಲ್ಲಿ ಅಲ್ಲಿನ ವೀಕ್ಷಣಾ ಅಟ್ಟಣಿಗೆಯಲ್ಲಿ ಜಾಗಕ್ಕೆ ಸರದಿ ಕಾಯಬೇಕು. ನನ್ನನ್ನು ಕೇಳಿದರೆ ಅದೇ ಉದ್ಯಾನದ ಕರಾವಳಿಗೆ, ಹ್ಯಾಲೋ ಕೊಲ್ಲಿಗೆ, ಜೂನ್‌ನಲ್ಲಿ ಹೋಗಿ ಎನ್ನುತ್ತೇನೆ. ಅಲ್ಲಿಗೆ ರಸ್ತೆಯಿಲ್ಲ. ಕರಡಿಗೂ ನಿಮಗೂ ನಡುವೆ ಬೇಲಿಯೂ ಇಲ್ಲ.

ಜೂನ್‌ನಲ್ಲಿ ಮೀನು ಇನ್ನೂ ಹೊಳೆ ಹತ್ತಿರುವುದಿಲ್ಲ. ಚಳಿಗಾಲದ ನಿದ್ದೆ ಮುಗಿಸಿ ಸೊರಗಿದ ಕಂದು ಕರಡಿಗಳು ಸಮುದ್ರದಂಚಿನ ಜೌಗಿನಲ್ಲಿ ಜೇಕಿನ ಜಾತಿಯ ಹುಲ್ಲನ್ನು ದನಗಳ ಹಾಗೆ ಮೇಯುತ್ತವೆ. ಎಳೆಯ ಹುಲ್ಲಿನಲ್ಲಿ ಪ್ರೋಟೀನ್ ಚೆನ್ನಾಗಿರುತ್ತದೆ. ನೀರು ಇಳಿದಾಗ ಅವು ಮರಳಿಗೆ ಬಂದು ಮೂಗಿನಿಂದ ಜಾಡು ಹಿಡಿದು, ಉಗುರಿನಿಂದ ಕೆದಕಿ ಕಪ್ಪೆಚಿಪ್ಪು ತೆಗೆಯುತ್ತವೆ. ಅಷ್ಟು ದೊಡ್ಡ ಪಂಜ ಅಷ್ಟು ಸಣ್ಣ ಚಿಪ್ಪನ್ನು ಬಿಡಿಸುವ ನಾಜೂಕನ್ನು ನೋಡುತ್ತಾ ನಾನು ಕ್ಯಾಮೆರಾ ಕೆಳಗಿಟ್ಟೆ. ಹಾಗಾಗಿ ದಿನ ಗೊತ್ತುಮಾಡುವ ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಬಹಳ ದೂರ ಸರಿಯುತ್ತದೆ. ಮೀನು ಬೇಟೆಯನ್ನೇ ನೋಡಬೇಕೆಂದರೆ ಆಗಸ್ಟ್ ಉತ್ತಮ.

ಆಂಕರೇಜ್‌ನಿಂದ ಹೋಮರ್ ಪಟ್ಟಣಕ್ಕೆ ಕಾರಿನಲ್ಲಿ ಸುಮಾರು ಐದು ಗಂಟೆ. ಅಲ್ಲಿಂದ ಪುಟ್ಟ ವಿಮಾನ ಒಂದು ಗಂಟೆಯ ಆಸುಪಾಸಿನಲ್ಲಿ ನೇರವಾಗಿ ಮರಳ ದಂಡೆಯ ಮೇಲೆ ಇಳಿಸುತ್ತದೆ. ಒಂದು ದಿನದ ಪ್ರವಾಸಕ್ಕೆ ಒಬ್ಬರಿಗೆ ಸಾವಿರ ಡಾಲರ್ ಆಸುಪಾಸು ಎಂದಿಟ್ಟುಕೊಳ್ಳಿ. ಮಂಜು ಮುಸುಕಿದರೆ ಅಥವಾ ಗಾಳಿ ಎದ್ದರೆ ವಿಮಾನ ಹಾರುವುದಿಲ್ಲ. ಇದು ಅಪರೂಪವೇನಲ್ಲ. ಆದ್ದರಿಂದ ಹೋಮರ್‌ನಲ್ಲಿ ಎರಡು ಮೂರು ದಿನ ಕೈಯಲ್ಲಿರಲಿ, ಕರಡಿ ನೋಡುವ ದಿನ ಮೊದಲನೆಯದೇ ಆಗಿರಲಿ. ಬೆಂಗಳೂರಿನಿಂದ ಅಷ್ಟು ದೂರ ಹೋಗಿ, ಮರುದಿನದ ವಿಮಾನಕ್ಕಾಗಿ ಬರಿಗೈಲಿ ಹಿಂತಿರುಗುವುದು ಸಂಕಟದ ವಿಷಯ.

ದರೋಜಿಯಲ್ಲಿ ಬಂಡೆಗೆ ಹಚ್ಚಿದ ಬೆಲ್ಲ ನೆಕ್ಕಲು ಬರುವ ಕರಡಿಗಳನ್ನು ಗೋಪುರದಿಂದ ನೋಡಿದವರಿಗೆ ಇಲ್ಲಿನ ಕ್ರಮ ಪೂರ್ತಿ ಹೊಸದು. ಇಲ್ಲಿ ಕರಡಿಗೆ ತಿನಿಸು ಹಾಕುವುದು ಅಪರಾಧ. ಕರಡಿಗೆ ನೀವು ಆಹಾರವೂ ಅಲ್ಲ, ಆಹಾರ ಕೊಡುವವರೂ ಅಲ್ಲ, ಅಪಾಯವೂ ಅಲ್ಲ. ಈ ಮೂರೂ ನಿಜವಾಗಿರುವಷ್ಟು ಕಾಲ ಅದು ತನ್ನ ಪಾಡಿಗೆ ಮೇಯುತ್ತದೆ. ಗುಂಪಾಗಿಯೇ ನಡೆಯಿರಿ, ಮಾರ್ಗದರ್ಶಕರು ಕುಳಿತುಕೊಳ್ಳಿ ಎಂದಲ್ಲಿ ಕುಳಿತುಕೊಳ್ಳಿ, ಏನೇ ಆದರೂ ಓಡಬೇಡಿ. ಐವತ್ತು ಗಜಕ್ಕಿಂತ ಹತ್ತಿರಕ್ಕೆ ನಾವಾಗಿ ಹೋಗುವಂತಿಲ್ಲ. ಅವೇ ಹತ್ತಿರ ಬರುವುದುಂಟು: ಮರಿಗಳಿರುವ ತಾಯಿ ಕರಡಿಗಳು ದೊಡ್ಡ ಗಂಡುಗಳಿಂದ ತಪ್ಪಿಸಿಕೊಳ್ಳಲು ಕೆಲವೊಮ್ಮೆ ಜನರಿರುವ ಕಡೆಗೇ ಬಂದು ನಿಲ್ಲುತ್ತವೆ. ಆ ಹೊತ್ತಿನಲ್ಲಿ ಫೋಟೊಗಾಗಿ ಎದ್ದು ನಿಂತು ಅವುಗಳ ನೆಮ್ಮದಿ ಕೆಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಬಟ್ಟೆಯಲ್ಲಿ ಉಳಿತಾಯ ಬೇಡ. ಉಣ್ಣೆಯ ಒಳಅಂಗಿ, ಮಳೆಯಂಗಿ, ತೊಡೆಯವರೆಗಿನ ರಬ್ಬರ್ ಬೂಟು ಬೇಕೇ ಬೇಕು. ತೊರೆಗಳನ್ನು ನೀರಿಗಿಳಿದೇ ದಾಟಬೇಕು. ಬೂಟನ್ನು ಹಲವು ಕಂಪನಿಗಳು ತಾವೇ ಕೊಡುತ್ತವೆ, ಕೇಳಿಕೊಳ್ಳಿ. ಕರಡಿ ಓಡಿಸುವ ಮೆಣಸಿನ ಸ್ಪ್ರೇಯನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯುವಂತಿಲ್ಲ, ಬೇಕಿದ್ದರೆ ಹೋಮರ್‌ನಲ್ಲೇ ಕೊಳ್ಳಿ. ಕೊಲ್ಲಿಯಲ್ಲಿ ಶೌಚಾಲಯವಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಬಿಡಿ.

ಇನ್ನೂ ಹೆಚ್ಚು ಸಮಯ ಕರಡಿಗಳ ಜೊತೆ ಕಳೆಯಬೇಕೆಂಬ ಆಸೆಯಿದ್ದರೆ ಉತ್ತರಕ್ಕಿರುವ ಮೆಕ್‌ನೀಲ್ ನದಿಯ ಅಭಯಾರಣ್ಯಕ್ಕೆ ಪ್ರಯತ್ನಿಸಿ. ದಿನಕ್ಕೆ ಹತ್ತೇ ಮಂದಿಗೆ, ಅದೂ ಲಾಟರಿಯಲ್ಲಿ ಪರವಾನಗಿ. ನಾಲ್ಕು ದಿನ ನಿಮ್ಮದೇ ಗುಡಾರದಲ್ಲಿ ವಾಸ. ಅರ್ಜಿ ಮಾರ್ಚ್ 1ರೊಳಗೆ ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಗೆ ತಲುಪಬೇಕು. ಭಾರತದಿಂದ ಹೊರಡುವವರು ಅದಕ್ಕೂ ಬಹಳ ಮೊದಲೇ ವೀಸಾ ಸಂದರ್ಶನದ ದಿನಾಂಕ ಹುಡುಕಲು ಶುರುಮಾಡಿ.