ಮೊದಲ ಇಪಿ, ಮೂರನೇ ಹಾಡು: ಪಲ್ಲವಿ ಕೊನೆಗೂ ನಿಂತಿತು

ಜೂನ್, ಎರಡನೇ ವಾರ

ಐದು ಹಾಡುಗಳ ಇಪಿಯಲ್ಲಿ (ಪೂರ್ತಿ ಆಲ್ಬಮ್ಮಿಗಿಂತ ಚಿಕ್ಕ ಗುಚ್ಛ) ಎರಡು ಮುಗಿದಿವೆ. ಮೂರನೆಯದರ ಕೆಲಸ ಈಗ ಶುರುವಾಗಿದೆ. ನಮ್ಮದು ಕನ್ನಡದಲ್ಲಿ ಬರೆದು ಹಾಡುವ ಪಾಪ್ ರಾಕ್ ಬ್ಯಾಂಡ್. ಗಿಟಾರ್ ರಿಫ್ (ಮರುಕಳಿಸುವ ತುಣುಕು) ಎಷ್ಟೇ ಬಿಗಿಯಾಗಿರಲಿ, ಕೇಳಿದವರ ಬಾಯಲ್ಲಿ ಮರುದಿನ ಉಳಿಯುವುದು ಹಾಡಿನ ಧಾಟಿಯೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದ್ದರಿಂದ ಈ ಹಾಡಿಗೆ ಒಂದು ನಿಯಮ ಮಾಡಿಕೊಂಡೆವು: ಬರಿಗಂಟಲಿನಲ್ಲಿ ಹಾಡಿದಾಗ ಧಾಟಿ ತಾನಾಗಿ ನಿಲ್ಲುವ ತನಕ ಯಾರೂ ವಾದ್ಯ ಮುಟ್ಟುವಂತಿಲ್ಲ. ಡ್ರಮ್ಮರ್ ಕೂಡ ತೊಡೆ ತಟ್ಟಿಕೊಂಡೇ ತಾಲೀಮು ಮಾಡುತ್ತಿದ್ದಾನೆ.

ಪಲ್ಲವಿಯ ಮೊದಲ ಸಾಲು ಸಿದ್ಧವಿತ್ತು:

ಬಾರೆ ಮಳೆಯಲಿ ನೆನೆವ ಹಾಡಿಗೆ

ಮಾತ್ರೆ ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ ಗಿಡ್ಡ ಸಾಲುಗಳ ನಡೆ ಇದೇ. ಗಮಕ ವಾಚನ ಕೇಳಿ ಬೆಳೆದ ಕಿವಿಗೆ ಇದು ಹೇಳಿಕೊಡದೆಯೇ ಬರುತ್ತದೆ. ಕರ್ನಾಟಕ ಸಂಗೀತದ ಮಿಶ್ರಛಾಪು ತಾಳವೂ ಏಳರದ್ದೇ, ತಕಿಟ ತಕಧಿಮಿ. ಆದರೆ ಜನ ಜೊತೆಗೂಡಿ ಚಪ್ಪಾಳೆ ತಟ್ಟಬೇಕಾದ ಪಲ್ಲವಿಗೆ ನಾಲ್ಕರ ನಡೆ ಬೇಕು. ಏಳನ್ನು ಎಂಟರಲ್ಲಿ ಕೂರಿಸುವುದೇ ಈ ವಾರದ ಕೆಲಸ.

ಜೂನ್, ಕೊನೆಯ ವಾರ

ಮೊದಲು ಹೊಳೆದ ದಾರಿ, ಮೂರು ಮಾತ್ರೆಯ ಗುಂಪಿನ ಕೊನೆಯ ಅಕ್ಷರವನ್ನು ಎಳೆದು ನಾಲ್ಕು ಮಾಡುವುದು. ‘ಬಾರೆ’ ಎಂಬಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ. ಕರೆಯುವಾಗ ನಾವು ಹೇಗೂ ‘ಬಾರೇ’ ಎಂದೇ ಎಳೆಯುತ್ತೇವೆ. ‘ನೆನೆವ’ ಬಂದಾಗ ಮಾತ್ರ ‘ನೆನೆವಾ’ ಆಗಿ ಕನ್ನಡ ಸೊಟ್ಟಗಾಗುತ್ತದೆ. ಹ್ರಸ್ವದ ಮೇಲೆ ಉದ್ದ ಸ್ವರ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ‘ಬಿಡು’ ಎಂದು ಬರೆದದ್ದು ಕೇಳುವವರಿಗೆ ‘ಬೀಡು’ ಎಂದು ತಲುಪಿದರೆ ಧಾಟಿ ಎಷ್ಟು ಇಂಪಾಗಿದ್ದೇನು?

ಹೊಸದೊಂದು ಪದ ತುರುಕಿ ಜಾಗ ತುಂಬುವ ಸಲಹೆಯೂ ಬಂತು. ತುಂಬಿ ನೋಡಿದೆವು. ಸಾಲು ಹದಿನಾರು ಮಾತ್ರೆಯಾಗಿ ಶಿಶುಗೀತೆಯಂತೆ ಒಂದೇ ಸಮನೆ ಓಡಿತು, ಉಸಿರಿಗೆ ಎಡೆಯೇ ಇರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಗಾಯಕಿ. ಎಳೆಯಲೂ ಇಲ್ಲ, ತುಂಬಲೂ ಇಲ್ಲ. ನಾಲ್ಕನೆಯ ಮಾತ್ರೆಯನ್ನು ಖಾಲಿ ಬಿಟ್ಟಳು. ಬಾರೆ, ನಿಲುಗಡೆ, ಮಳೆಯಲಿ. ನೆನೆವ, ನಿಲುಗಡೆ, ಹಾಡಿಗೆ. ಹಾಡಿನ ವೇಗ ನಿಮಿಷಕ್ಕೆ 96 ಬಡಿತ, ಬಡಿತಕ್ಕೆ ಎರಡು ಮಾತ್ರೆ, ಅಂದರೆ ಒಂದು ಮಾತ್ರೆಗೆ 0.31 ಸೆಕೆಂಡು. ಅಷ್ಟೇ ಅಷ್ಟು ಮೌನ. ಸ್ನೇರ್ ಡ್ರಮ್ಮಿನ ಪೆಟ್ಟು ‘ರೆ’ ಮೇಲೆ ಬಿದ್ದ ಮರುಗಳಿಗೆ ಎಲ್ಲವೂ ನಿಂತು ಮತ್ತೆ ‘ಮಳೆ’ಯ ಮೇಲೆ ಇಳಿಯುತ್ತದೆ. ಏಳರ ನಡೆಯ ತುಯ್ತ ಹಾಗೆಯೇ ಉಳಿದಿದೆ, ಚಪ್ಪಾಳೆಯೂ ತಪ್ಪುವುದಿಲ್ಲ. ಅಂದು ಸಂಜೆ ಎಲ್ಲರೂ ಕೂಡಿ ಅದೊಂದೇ ಸಾಲನ್ನು ಮತ್ತೆ ಮತ್ತೆ ಹಾಡಿದೆವು. ಈ ಹಾಡು ಈಗ ನಮ್ಮದು ಅನ್ನಿಸಿತು.

ಜುಲೈ ಆರಂಭ

ವಾದ್ಯಗಳು ಒಳಗೆ ಬಂದವು.

ಧಾಟಿ ಹುಟ್ಟಿದ್ದು ಮೋಹನ ರಾಗದ ಐದು ಸ್ವರಗಳಲ್ಲಿ: ಸ ರಿ ಗ ಪ ಧ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಹಾಗಾಗಿ ಅರ್ಧ ಸ್ವರದಷ್ಟೇ ಅಂತರದಲ್ಲಿ ಒಂದಕ್ಕೊಂದು ತಾಗಿಕೊಂಡು ಕುಳಿತ ಸ್ವರಗಳ ಜೋಡಿಯೇ ಇದರಲ್ಲಿಲ್ಲ. ಪಾಪ್ ಸಂಗೀತದ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಈ ರಾಗ ಸಲೀಸಾಗಿ ಕೂರಲು ಅದೇ ಕಾರಣ. ಪಲ್ಲವಿಗೆ ಷಡ್ಜದ ಮೇಜರ್, ಧೈವತದ ಮೈನರ್, ಮಧ್ಯಮದ ಮೇಜರ್, ಪಂಚಮದ ಮೇಜರ್ ಎಂಬ ನಾಲ್ಕು ಕಾರ್ಡುಗಳನ್ನು ಇಟ್ಟೆವು. ತುಂಬಾ ಸವೆದ ಸರಣಿ ಎಂದು ಬೇಸ್ ನುಡಿಸುವವನ ತಕರಾರು. ಸವೆದದ್ದು ಹೌದು, ಆದರೆ ಹಾಡುಗಾರಿಕೆ ಹೊಸದಾಗಿರುವಾಗ ಕೆಳಗಿನ ನೆಲ ಪರಿಚಿತವಾಗಿರುವುದೇ ಒಳ್ಳೆಯದು ಎಂದು ನಾನು ವಾದಿಸಿದೆ.

ನನಗೆ ಅತಿ ಪ್ರಿಯವಾದ ಜಾಗ ‘ಹಾಡಿಗೆ’. ‘ಹಾ’ ತಾರ ಷಡ್ಜದ ಮೇಲಿದೆ, ಅಡಿಯಲ್ಲಿ ಪಂಚಮದ ಕಾರ್ಡ್. ಆ ಕಾರ್ಡಿನ ಸ್ವರಗಳು ಪ, ನಿ, ರಿ. ಷಡ್ಜ ಅವುಗಳ ನಡುವೆ ನೆಲೆ ಸಿಗದೆ ತೂಗುತ್ತದೆ. ಸಾಮಾನ್ಯವಾಗಿ ಅದು ನಿಷಾದಕ್ಕೆ ಇಳಿದು ಸಮಾಧಾನಗೊಳ್ಳುತ್ತದೆ. ಮೋಹನದಲ್ಲಿ ನಿಷಾದವೇ ಇಲ್ಲವಾದ್ದರಿಂದ ನಮ್ಮ ಧಾಟಿ ಮೇಲಿನ ರಿಷಭಕ್ಕೆ ಏರುತ್ತದೆ. ಇಡೀ ಹಾಡಿನ ತುತ್ತತುದಿಯ ಸ್ವರ ಅದೇ. ಚರಣದಲ್ಲಿ ಅದರ ಹತ್ತಿರಕ್ಕೂ ಹೋಗಬಾರದೆಂದು ಆಗಲೇ ತೀರ್ಮಾನಿಸಿದೆವು.

ಡಿ ಶ್ರುತಿಯಲ್ಲಿ ಆ ರಿಷಭ ಗಾಯಕಿಗೆ ಕಿರುಚಿದಂತಾಗುತ್ತಿತ್ತು. ಬಿ ಶ್ರುತಿಗೆ ಇಳಿಸಿದ ಮೇಲೆ ದನಿಯ ಬಣ್ಣ ಮರಳಿತು. ಗಿಟಾರಿನಲ್ಲಿ ನಾಲ್ಕನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ ಆಕಾರದ ಕಾರ್ಡುಗಳನ್ನು ಹಿಡಿಯುತ್ತಿದ್ದೇನೆ. ತೆರೆದ ತಂತಿಗಳ ಅನುರಣನ ಹೀಗೆ ಉಳಿಯುತ್ತದೆ.

ಜುಲೈ, ಮೂರನೇ ವಾರ

ಚರಣಗಳ ಸಾಹಿತ್ಯ ಮುಗಿಯಿತು. ಸಾಲಿನ ಎರಡನೇ ಅಕ್ಷರದ ಹಳೆಯ ಪ್ರಾಸವನ್ನು ಅಲ್ಲಿ ಬಳಸಿದ್ದೇನೆ, ಪಲ್ಲವಿಗೆ ಅಂತ್ಯಪ್ರಾಸ.

ಬ್ರಿಡ್ಜ್, ಅಂದರೆ ಕೊನೆಯ ಪಲ್ಲವಿಗೆ ಮುಂಚೆ ಬರುವ ಬೇರೆ ಬಗೆಯ ಭಾಗ, ಡ್ರಮ್ಮರಿಗೆ ಬಹುಮಾನ. ಅದೇ ಪಲ್ಲವಿಯ ಸಾಲು, ಈ ಬಾರಿ ಖಾಲಿ ಮಾತ್ರೆ ತೆಗೆದು ಶುದ್ಧ ಏಳರಲ್ಲಿ. ಮೋಹನದಲ್ಲಿಲ್ಲದ ನಿಷಾದವನ್ನೂ ಧಾಟಿಗೆ ಇಲ್ಲೇ ಮೊದಲ ಸಲ ತಂದೆವು. ಎಂಟು ಸುತ್ತು ಓಡಿ ಮತ್ತೆ ನಾಲ್ಕರ ನಡೆಗೆ ಬಂದಾಗ ಪಲ್ಲವಿ ದೊಡ್ಡದಾಗಿ ಕೇಳುತ್ತದೆ, ಒಂದು ವಾದ್ಯವನ್ನೂ ಹೆಚ್ಚಿಸದೆ.

ಆಗಸ್ಟ್ ಆರಂಭ

ಕ್ಲಿಕ್ ಟ್ರ್ಯಾಕಿನೊಂದಿಗೆ (ಲಯ ತಪ್ಪದಂತೆ ಕಿವಿಯಲ್ಲಿ ಕೇಳುವ ಟಿಕ್ ಟಿಕ್) ಧ್ವನಿಮುದ್ರಣ ನಡೆದಿದೆ. ಬ್ರಿಡ್ಜಿಗಾಗಿ ಕ್ಲಿಕ್ಕನ್ನೂ ಏಳಕ್ಕೆ ಬದಲಿಸಿಟ್ಟುಕೊಂಡಿದ್ದೆವು. ಮುಖ್ಯ ದನಿಯ ಹಾಡುವಿಕೆ ಮುಗಿದಿದೆ, ಒರಟು ಮಿಕ್ಸ್ ಸಿದ್ಧವಾಗಿದೆ.

ಮಿಕ್ಸಿನಲ್ಲಿ ನಾನು ಪಟ್ಟು ಹಿಡಿದದ್ದು ಎರಡಕ್ಕೆ. ಎಲೆಕ್ಟ್ರಿಕ್ ಗಿಟಾರುಗಳನ್ನು 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ತುಸು ತಗ್ಗಿಸಿದ್ದೇವೆ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ, ಪದ ಕೇಳದ ಹಾಡನ್ನು ಯಾರೂ ಜೊತೆಗೂಡಿ ಹಾಡಲಾರರು. ಎರಡನೆಯದು ಡಿಲೇ, ಅಂದರೆ ತಡವಾಗಿ ಮರಳಿ ಕೇಳುವ ಪ್ರತಿಧ್ವನಿ. ಚರಣದ ಗಿಟಾರಿಗೆ 469 ಮಿಲಿಸೆಕೆಂಡಿನ ಡಿಲೇ ಇದೆ, ಈ ವೇಗದಲ್ಲಿ ಸರಿಯಾಗಿ ಮೂರು ಅರೆಮಾತ್ರೆ, ಅಂದರೆ ಒಂದೂವರೆ ಮಾತ್ರೆ. ಬಹಳ ಚೆಂದ ಕೇಳುತ್ತದೆ. ಪಲ್ಲವಿಯಲ್ಲಿ ಅದನ್ನು ಪೂರ್ತಿ ಆರಿಸಿದ್ದೇವೆ, ಇಲ್ಲವಾದರೆ ಪ್ರತಿಧ್ವನಿ ಬಂದು ಆ ಖಾಲಿ ಮಾತ್ರೆಯಲ್ಲಿ ಕೂರುತ್ತದೆ.

ಸದ್ದನ್ನು ಇನ್ನಷ್ಟು ಏರಿಸಬೇಕೆಂಬ ಮಾತೂ ಬಂತು. ಸ್ಪಾಟಿಫೈ ತನ್ನ ಮಾಮೂಲು ಸೆಟ್ಟಿಂಗಿನಲ್ಲಿ ಹಾಡುಗಳನ್ನು, ಕಿವಿಗೆ ಕೇಳುವ ಸದ್ದಿನ ಅಳತೆಯಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ಅದುಮಿ ಅದುಮಿ ಜೋರು ಮಾಡಿದರೆ ಅಲ್ಲಿ ಸದ್ದು ಇಳಿಯುತ್ತದೆ, ಅದುಮಿದ ಗುರುತು ಮಾತ್ರ ಉಳಿಯುತ್ತದೆ.

ಬಾಕಿ ಇರುವುದು ಕೊನೆಯ ಪಲ್ಲವಿಯ ಜೊತೆದನಿ. ಮೋಹನದಲ್ಲಿ ಒಂದು ಸ್ವರ ಬಿಟ್ಟು ಮೇಲಿನದನ್ನು ಹಾಡಿದರೆ ಸ–ಗ ಜೋಡಿಯೊಂದೇ ತೃತೀಯದ ಅಂತರ; ರಿ–ಪ, ಗ–ಧ, ಪ–ಸ, ಧ–ರಿ ಎಲ್ಲವೂ ಚತುರ್ಥದ ಅಂತರ. ಪಾಪ್ ಹಾಡುಗಳ ನಯವಾದ ಜೊತೆದನಿಗಿಂತ ಇದು ಒರಟು, ಬಯಲಿನಲ್ಲಿ ಕೂಡಿ ಹಾಡಿದಂತೆ ತೆರೆದುಕೊಳ್ಳುತ್ತದೆ. ನನಗೆ ಅದೇ ಬೇಕು. ಗಾಯಕಿಗೆ ‘ಮಳೆಯಲಿ’ ಎಂಬಲ್ಲಾದರೂ ತೃತೀಯ ಬೇಕಂತೆ. ಭಾನುವಾರ ಎರಡನ್ನೂ ಮುದ್ರಿಸಿ, ಬೇಸ್ ನುಡಿಸುವವನು ಆರಿಸಿದ್ದನ್ನು ಇಟ್ಟುಕೊಂಡು ಮಾಸ್ಟರಿಂಗಿಗೆ (ಬಿಡುಗಡೆಗೆ ಮುಂಚಿನ ಕೊನೆಯ ಹದಗೊಳಿಸುವಿಕೆ) ಕಳುಹಿಸುತ್ತೇವೆ.