ನೀರು ಎಲ್ಲಿಗೆ ಹೋಯಿತು ಎಂದು ಕೇಳಿದ ಮೇಷ್ಟ್ರು

ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಹೊರಗೋಡೆಯ ಮೇಲೆ ಒಂದು ಭಿತ್ತಿಪತ್ರಿಕೆ ಇರುತ್ತಿತ್ತು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನಾನು ಅದಕ್ಕೊಂದು ಕಥೆ ಬರೆದುಕೊಟ್ಟಿದ್ದೆ. ಎಲ್ಲಿಯೂ ಇಲ್ಲದ ಒಂದು ಲೋಕ, ಅದರ ನಡುವೆ ಒಂದು ಮಹಾಸಾಗರ, ಆ ಸಾಗರದ ದಂಡೆಯಲ್ಲಿ ಏಳು ಬಂದರುಗಳು. ಒಂದು ದಿನ ಬೆಳಗಾಗುವಷ್ಟರಲ್ಲಿ ಸಾಗರವೇ ಮಾಯವಾಗಿರುತ್ತದೆ. ಅಗಸ್ತ್ಯರು ಸಮುದ್ರವನ್ನು ಆಪೋಶನ ಮಾಡಿದ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನಿಗೆ ಇಂಥದ್ದನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ನಮಗೆ ಪಳೆಯುಳಿಕೆಗಳ ಪಾಠ ಮಾಡುತ್ತಿದ್ದ ಮೇಷ್ಟ್ರು ಅದನ್ನು ನಿಂತಲ್ಲೇ ಓದಿ ಮುಗಿಸಿದರು. ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳದೆ, "ನೀರು ಎಲ್ಲಿಗೆ ಹೋಯಿತು? ನೀರು ಹಾಗಿರಲಿ, ಕಡಲಿನ ತಳ ಎಲ್ಲಿಗೆ ಹೋಯಿತು?" ಎಂದು ಕೇಳಿದರು.

ಉತ್ತರ ನನ್ನಲ್ಲಿರಲಿಲ್ಲ. ಆ ಮಧ್ಯಾಹ್ನ ಅವರು ನನ್ನನ್ನು ವಿಭಾಗದ ಸಂಗ್ರಹಾಲಯಕ್ಕೆ ಕರೆದೊಯ್ದು, ನಿಜವಾಗಿಯೂ ಕಣ್ಮರೆಯಾದ ಒಂದು ಸಾಗರದ ಚರಿತ್ರೆಯನ್ನು ಹೇಳಿದರು. ಭಾರತವೂ ಸೇರಿದ್ದ ದಕ್ಷಿಣದ ಗೊಂಡ್ವಾನಾ ಎಂಬ ಹಳೆಯ ಭೂಖಂಡಕ್ಕೂ ಉತ್ತರದ ಏಷ್ಯಾ, ಯೂರೋಪುಗಳ ನೆಲಕ್ಕೂ ನಡುವೆ ಹರಡಿಕೊಂಡಿದ್ದ ಆ ಸಾಗರಕ್ಕೆ ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸೂಸ್ 1893ರಲ್ಲಿ ಗ್ರೀಕ್ ಪುರಾಣದ ಸಮುದ್ರದೇವತೆಯ ಹೆಸರನ್ನು ಕೊಟ್ಟು ಟೆಥಿಸ್ ಎಂದು ಕರೆದರು.

ಆ ವರ್ಷದ ಕ್ಷೇತ್ರಕಾರ್ಯಕ್ಕೆ ಮೇಷ್ಟ್ರು ನಮ್ಮನ್ನು ಮಲ್ಪೆಗೆ ಕರೆದುಕೊಂಡು ಹೋದರು. ಅಲ್ಲಿಂದ ದೋಣಿಯಲ್ಲಿ, ಊರಿನವರು ತೋನ್ಸೆಪಾರ್ ಎನ್ನುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಕೆತ್ತಿ ನಿಲ್ಲಿಸಿದಂತಿರುವ ಅಲ್ಲಿನ ಬಹುಮುಖದ ಕಂಬಕಲ್ಲುಗಳು ಭಾರತವು ಮಡಗಾಸ್ಕರ್‌ನಿಂದ ಬೇರ್ಪಡುವ ಕಾಲದಲ್ಲಿ, ಎಂದರೆ ಸುಮಾರು 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾರಸ ತಣಿದು ಆದವು. ಹಾಗೆ ಬೇರ್ಪಟ್ಟ ನೆಲ ಉತ್ತರಕ್ಕೆ ಸರಿಯಿತು. ವೇಗ ಹೆಚ್ಚಿದ್ದ ಕಾಲದಲ್ಲಿ ಅದು ವರ್ಷಕ್ಕೆ 15 ಸೆಂಟಿಮೀಟರಿಗೂ ಮಿಕ್ಕಿ ಚಲಿಸುತ್ತಿತ್ತು. ಮುಂದೆ ಟೆಥಿಸ್ ಕಿರಿದಾಗುತ್ತಿದ್ದಂತೆ ಬೆನ್ನ ಹಿಂದೆ ಹಿಂದೂ ಮಹಾಸಾಗರ ಅಗಲವಾಗುತ್ತಿತ್ತು. ಅಲೆ ಬಡಿಯುವ ಆ ಬಂಡೆಯ ಮೇಲೆ ನಿಂತು ಮೇಷ್ಟ್ರು, "ನೀರೇನೂ ಬತ್ತಲಿಲ್ಲ, ಜಾಗ ಬದಲಿಸಿತು" ಎಂದಾಗ ನನ್ನ ಕಥೆಯ ಅರ್ಧ ಪ್ರಶ್ನೆಗೆ ಉತ್ತರ ದೊರಕಿತು.

ತಳದ ಪ್ರಶ್ನೆ ಇನ್ನೂ ಉಳಿದಿತ್ತು. ಅದರ ಬಹುಭಾಗ ಏಷ್ಯಾದ ಅಡಿಗೆ ಜಾರಿ ಭೂಮಿಯ ಒಡಲನ್ನು ಸೇರಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡು ನೆಲಗಳು ಡಿಕ್ಕಿಯಾದಾಗ, ಭಾರತದ ಉತ್ತರದ ಅಂಚಿನ ಕಡಲಿನಲ್ಲಿ ಕೋಟ್ಯಂತರ ವರ್ಷ ಕೂತಿದ್ದ ಕೆಸರು, ಸುಣ್ಣಗಳು ಮಡಚಿಕೊಂಡು ಹಿಮಾಲಯವಾಗಿ ಎದ್ದವು. ಇಂದಿನ ತಿಮಿಂಗಿಲಗಳ ನಾಲ್ಕು ಕಾಲಿನ ಪೂರ್ವಜರು ಮೊದಲು ನೀರಿಗಿಳಿದದ್ದೂ ಸರಿಸುಮಾರು ಆಗಲೇ, ಕಿರಿದಾಗುತ್ತಿದ್ದ ಇದೇ ಟೆಥಿಸ್‌ನ ದಂಡೆಗಳಲ್ಲಿ. ಮುಗಿದುಹೋಗುತ್ತಿದ್ದ ಕಡಲೊಂದು ಆ ಹೊತ್ತಿನಲ್ಲಿಯೂ ಹೊಸ ಜೀವಿಗಳಿಗೆ ತೊಟ್ಟಿಲಾಗಿತ್ತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆದರೆ ಈ ಕಡಲು ನನ್ನದೂ ಹೌದೆಂದು ನನಗೆ ಅನಿಸಿದ್ದು ನಮ್ಮ ಮನೆಯ ದೇವರ ಮುಂದೆ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಗೆರೆಗಳಿದ್ದ ಒಂದು ಕಪ್ಪು ಗುಂಡುಕಲ್ಲಿತ್ತು. ಅದು ಅಮ್ಮೊನೈಟ್ ಎಂಬ, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದೂರದ ಬಂಧುವಾದ, ಈಗ ಅಳಿದುಹೋಗಿರುವ ಕಡಲಜೀವಿಯ ಚಿಪ್ಪಿನ ಅಚ್ಚು. 15 ಕೋಟಿ ವರ್ಷಗಳ ಹಿಂದಿನ ಕೆಸರಿನಲ್ಲಿ ಹೂತು, ಆ ಕೆಸರು ಜೇಡಿಶಿಲೆಯಾಗಿ ಮೇಲೆದ್ದ ಮೇಲೆ ನೇಪಾಳದ ಗಂಡಕಿ ನದಿ ಅಂಥವನ್ನು ಬಿಡಿಸಿ ಉರುಳಿಸಿಕೊಂಡು ಬರುತ್ತದೆ. ಅದನ್ನು ನೋಡಿದ ಕೂಡಲೇ ನನಗೆ ಮನೆಯ ಸಂಪುಟದಲ್ಲಿದ್ದ ಸಾಲಿಗ್ರಾಮ ನೆನಪಾಯಿತು. ರಜೆಯಲ್ಲಿ ಊರಿಗೆ ಹೋದವನು ಅಜ್ಜಿಗೆ ಇದನ್ನು ಹೇಗೆ ಹೇಳಲಿ ಎಂದು ಎರಡು ದಿನ ಅಳುಕಿದೆ. ಕೊನೆಗೆ ಹೇಳಿದಾಗ ಅವರು ಬೇಸರಿಸಲಿಲ್ಲ. ಮಡಿಯಲ್ಲಿದ್ದ ಅವರು ಸಾಲಿಗ್ರಾಮವನ್ನು ಕೈಯಲ್ಲಿ ಹಿಡಿದು, ಅದರ ಬಾಯಿಯನ್ನು ಬೆಳಕಿಗೆ ತಿರುಗಿಸಿ, ಒಳಗಿನ ಚಕ್ರವನ್ನು ದೂರದಿಂದಲೇ ನನಗೆ ತೋರಿಸಿದರು. "ವಜ್ರಕೀಟ ಒಳಗೆ ಕೂತು ಕೊರೆದದ್ದು ಅಂತ ನಾವೂ ಹೇಳ್ತೇವಲ್ಲ ಮಗಾ. ಒಳಗೆ ಜೀವ ಇತ್ತು ಅಂತ ನಿಮ್ಮ ಮೇಷ್ಟ್ರೂ ಹೇಳಿದ್ರಾ?" ಎಂದು ಕೇಳಿದರು. ಈ ಮಾತನ್ನು ಮೇಷ್ಟ್ರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಅಜ್ಜಿಗೆ ನಮಸ್ಕಾರ ಹೇಳಲು ಹೇಳಿದರು.

ಹಲವು ವರ್ಷಗಳ ಬಳಿಕ ನಾನು ಲಡಾಖ್‌ಗೆ ಹೋದೆ. ಎರಡು ಭೂಖಂಡಗಳು ಕೂಡಿದ ಗೆರೆಯ ಉದ್ದಕ್ಕೂ ಅಲ್ಲಿ ಸಿಂಧೂ ನದಿ ಹರಿಯುತ್ತದೆ. ಏಷ್ಯಾದ ಅಡಿಗೆ ಜಾರದೆ ಮೇಲೆ ಸಿಕ್ಕಿಬಿದ್ದ ಸಾಗರತಳದ ತುಂಡುಗಳು ಪೂರ್ವದ ನಿದರ್ ಎಂಬ ಹಳ್ಳಿಯ ಸುತ್ತ ಬಯಲಲ್ಲೇ ಇವೆ. ನೀರಿನಡಿಯಲ್ಲಿ ಉಕ್ಕಿ, ತಟ್ಟನೆ ತಣಿದು, ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದ ಲಾವಾದ ಮೇಲೆ ನಾನು ಕೈಯಿಟ್ಟು ನಿಂತೆ. ಸುತ್ತ ಹುಲ್ಲುಕಡ್ಡಿಯೂ ಅಪರೂಪವಾದ ಬೋಳುಬೆಟ್ಟ. ಕೈಯ ಕೆಳಗೆ ಟೆಥಿಸ್‌ನ ತಳ.

ಲೇಹ್‌ಗೆ ಮರಳಿದ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ಆ ಸಾಗರದ ಪಾಠ ಮಾಡಿ ನಿವೃತ್ತರಾಗಿದ್ದ ಅವರಿಗೆ ಅಲ್ಲಿಗೆ ಹೋಗುವುದು ಒಮ್ಮೆಯೂ ಕೂಡಿಬಂದಿರಲಿಲ್ಲ. ಕ್ಷೇಮಸಮಾಚಾರವನ್ನೂ ಕೇಳದೆ, "ಸರ್ಪೆಂಟಿನೈಟ್ ಕಲ್ಲು ನೋಡಿದೆಯಾ? ಹಸಿರಾಗಿತ್ತೇ? ಹಾವಿನ ಮೈಯಂತೆ ನುಣುಪಾಗಿತ್ತೇ?" ಎಂದರು. ಹೌದು ಸಾರ್ ಎಂದೆ. "ಹಾಗಾದರೆ ಮೊದಲಿನಿಂದ ಹೇಳು, ನಿಧಾನವಾಗಿ ಹೇಳು" ಎಂದರು. ರಸ್ತೆ ಸಿಂಧೂ ನದಿಯನ್ನು ಬಿಟ್ಟು ತಿರುಗುವ ಜಾಗದಿಂದ ನಾನು ಹೇಳಲು ಶುರುಮಾಡಿದೆ.